ಬುಟ್ಟಿಯಲ್ಲಿ ಇಟ್ಟ ಹಾಡು

ನಮ್ಮ ಬಳ್ಳಾರಿ ಮನೆಯ ಕಂಪ್ಯೂಟರಿಗೆ ವಯಸ್ಸಾಗಿತ್ತು. ಬೆಳಗ್ಗೆ ಗುಂಡಿ ಒತ್ತಿ, ಚಹಾ ಕುಡಿದು, ಪೇಪರ್ ಓದಿ ಬಂದರೂ ಅದಿನ್ನೂ ಕಣ್ಣುಜ್ಜುತ್ತ ಕೂತಿರುತ್ತಿತ್ತು. ‘ಅದನ್ನ ಗುಜರಿಗೆ ಹಾಕ್ರಿ’ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ನನಗೆ ಮನಸ್ಸಾಗಲಿಲ್ಲ. ಎಲ್ಲವನ್ನೂ ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಇನ್ನಷ್ಟು ಕಾಲ ದುಡಿದೀತು ಎಂದುಕೊಂಡು, ಒಂದು ಭಾನುವಾರ ಫೋಟೊಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಕೂತೆ.

ಅಷ್ಟರಲ್ಲಿ ಸಿರುಗುಪ್ಪದಿಂದ ಅಕ್ಕನ ಫೋನು. ಅವಳ ಮಗಳ ಮದುವೆ ಹತ್ತಿರ ಬಂದಿತ್ತು. ಕಂಪ್ಯೂಟರ್ ಅಳಿಸುತ್ತಿದ್ದೇನೆ ಎಂದದ್ದೇ ತಡ, ‘ಲೇ, ತಡಿ. ಅವ್ವನ ಸುರಗಿ ಹಾಡು ಅದರಾಗ ಐತಿ. ಅದು ಸಿಗೋತನ ಏನೂ ಮುಟ್ಟಬ್ಯಾಡ’ ಎಂದಳು.

ಸುರಗಿ ಎಂದರೆ ನಮ್ಮಲ್ಲಿ ಮದುವೆಯ ಎಣ್ಣೆ-ಅರಿಶಿನದ ಸ್ನಾನ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಹಾಡಬೇಕು. ಬಾದನಹಟ್ಟಿ, ಕುರುಗೋಡು ಕಡೆ ಯಾರ ಮದುವೆಯಾದರೂ ಆ ಹಾಡಿಗೆ ಅವ್ವನೇ ಬೇಕಿತ್ತು. ಅವ್ವ ತೀರಿಕೊಂಡ ಮೇಲೆ ಅದನ್ನು ಪೂರ್ತಿ ಬಲ್ಲವರು ಯಾರೂ ಉಳಿದಿಲ್ಲ. ಅಕ್ಕನಿಗೂ ಎರಡು ನುಡಿಯಾಚೆ ಬರುವುದಿಲ್ಲ.

ಅವ್ವ ನಮ್ಮ ಜೊತೆ ಇರಲು ಬಂದಾಗ ಮೈಕು ಕೊಟ್ಟು ರೆಕಾರ್ಡ್ ಮಾಡುವುದನ್ನು ನಾನೇ ಕಲಿಸಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಅವ್ವನೂ ರೊಟ್ಟಿ ಬಡಿದ ಕೈಯಲ್ಲೇ ಮೌಸ್ ಹಿಡಿದು ಮಧ್ಯಾಹ್ನವೆಲ್ಲ ಹಾಡುತ್ತಿದ್ದಳು. ನಾನು ಕೆಲಸದಿಂದ ಬರುವ ಹೊತ್ತಿಗೆ ಕೀಬೋರ್ಡಿನ ಮೇಲೆ ಜೋಳದ ಹಿಟ್ಟು. ಒರೆಸುವುದು ನನ್ನ ಪಾಲು. ಈಗ ಆ ಹಿಟ್ಟೂ ಬೇಕೆನಿಸುತ್ತದೆ. ಹಾಡಿದ್ದನ್ನು ಎಲ್ಲಿ ಇಡುತ್ತಿದ್ದಳೋ, ನಾನು ಕೇಳಿರಲಿಲ್ಲ.

ಫೋಲ್ಡರುಗಳನ್ನೆಲ್ಲ ಜಾಲಾಡಿದೆ. ಹೆಂಡತಿ ಇಳಿಸಿಕೊಂಡ ಅಡುಗೆ ವಿಡಿಯೊಗಳು ಸಿಕ್ಕವು, ಅವ್ವನ ದನಿ ಸಿಗಲಿಲ್ಲ. ಇಲ್ಲವೆಂದು ಹೇಳಲು ಅಕ್ಕನಿಗೆ ಫೋನು ಮಾಡಿದರೆ ಅವಳು ರೇಗಿದಳು.

‘ಎಲ್ಲಿ ಹೋಗತೈತಿ? ಹಾಡಿ ಬುಟ್ಟ್ಯಾಗ ಇಟ್ಟೀನಿ ಅಂತ ಅವ್ವ ನನ್ನ ಮುಂದ ಹೇಳ್ಯಾಳ.’

ನಮ್ಮ ಮನೆಯಲ್ಲಿ ಬುಟ್ಟಿ ಎಂದರೆ ರೊಟ್ಟಿ ಬುಟ್ಟಿ. ತಡವಾಗಿ ಬರುವವರ ಪಾಲನ್ನು ಅರಿವೆ ಮುಚ್ಚಿ ಅದರಲ್ಲೇ ಇಡುವುದು. ಪರದೆಯ ಮೂಲೆಯಲ್ಲಿ ರೀಸೈಕಲ್ ಬಿನ್ನಿನ ಚಿತ್ರವಿತ್ತು. ನನಗೆ ಅದು ಕಸದ ಡಬ್ಬಿ, ಅವ್ವನಿಗೆ ಬುಟ್ಟಿ. ಬೇಕಾದದ್ದನ್ನೆಲ್ಲ ಜತನದಿಂದ ಎಳೆದೆಳೆದು ಅದರಲ್ಲಿ ಹಾಕಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ ನಾನು. ಆ ಡಬ್ಬಿಯನ್ನು ಒಮ್ಮೆಯೂ ಖಾಲಿ ಮಾಡದ ನನ್ನ ಸೋಮಾರಿತನ ಜೀವನದಲ್ಲಿ ಮೊದಲ ಸಲ ಉಪಕಾರ ಮಾಡಿತ್ತು.

ಸುರಗಿ ಹಾಡು ಅಲ್ಲೇ ಇತ್ತು. ಹೊರತೆಗೆದು ಹಚ್ಚಿದೆ. ನಡುವೆ ಬಾಗಿಲ ಸಪ್ಪಳಕ್ಕೆ ಹಾಡು ನಿಲ್ಲಿಸಿ ಅವ್ವ ಕೇಳುತ್ತಾಳೆ: ‘ಬಂದ್ಯೇನೋ? ಬುಟ್ಟ್ಯಾಗ ರೊಟ್ಟಿ ಅದಾವ, ಉಣ್ಣು.’ ಮತ್ತೆ ಬಿಟ್ಟಲ್ಲಿಂದ ಹಾಡು. ಫೋನಿನಲ್ಲಿ ಅಕ್ಕನಿಗೂ ಕೇಳಿಸಿ, ಆ ಮಾತನ್ನು ಕತ್ತರಿಸಲೇ ಎಂದೆ.

‘ಕತ್ತರಿಸಿದ್ರ ಮದುವಿಗೆ ಬರಬ್ಯಾಡ’ ಎಂದಳು. ಅಳುತ್ತಿದ್ದಳು.

ಹಾಡುಗಳನ್ನೆಲ್ಲ ಹೊರತೆಗೆದು ಎರಡು ಕಡೆ ಇಟ್ಟ ಮೇಲೆ ಕಂಪ್ಯೂಟರನ್ನು ಅಳಿಸಿದೆ. ಹೊಸ ಸಿಸ್ಟಮ್ ಚುರುಕಾಗಿ ಎದ್ದು ಕೂತಿತು. ಮೂಲೆಯ ಬುಟ್ಟಿ ಖಾಲಿಯಿತ್ತು. ನೋಡಿ ಸಂಕಟವಾಯಿತು.

ಮದುವೆಗೆ ಸಿರುಗುಪ್ಪಕ್ಕೆ ಹೋದೆವು. ಅಕ್ಕನ ಅಂಗಳದಲ್ಲಿ ನೂಲು ಸುತ್ತಿದರು, ಮಗಳನ್ನು ಕೂರಿಸಿದರು, ನಾನು ಹಾಡು ಹಚ್ಚಿದೆ. ಹೆಂಗಸರು ಅವ್ವನ ಹಿಂದೆ ಒಂದೊಂದೇ ನುಡಿ ಹಿಡಿದರು. ಆಮೇಲೆ ಹಾಡು ನಿಂತಿತು. ಅವ್ವ ಕೇಳಿದಳು, ‘ಬಂದ್ಯೇನೋ?’

ಅಷ್ಟು ಜನರ ನಡುವೆ ನಾನು, ‘ಹ್ಞೂಂ ಅವ್ವ, ಬಂದೀನಿ’ ಎಂದುಬಿಟ್ಟೆ.