ರೋಮಿನ ಶತಮಾನ, ಕೊಡಿಗೇಹಳ್ಳಿಯ ಬಾವಿ

ಜಯಮ್ಮನವರೇ, ನಿಮ್ಮ ಬಾವಿಯ ನೀರು ಕೆಟ್ಟಿದೆಯೆಂದು ನಿಮಗಿಂತ ಮೊದಲು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಆ ಬೇಸಿಗೆ ಕೊಡಿಗೇಹಳ್ಳಿಯ ನಲ್ಲಿಗಳು ವಾರಗಟ್ಟಲೆ ಒಣಗಿದ್ದವು. ನಿಮ್ಮ ಹಿತ್ತಲ ಬಾವಿಯಲ್ಲಿ ಮಾತ್ರ ನೀರಿತ್ತು. ಮನೆಯವರಲ್ಲದೆ ಯಾರೂ ಎಂದೂ ಕೊಡ ಇಳಿಸದ ಬಾವಿ — ಅದನ್ನು ನೀವು ಜಾತಿ ಕೇಳದೆ ಇಡೀ ಬೀದಿಗೆ ಬಿಟ್ಟುಕೊಟ್ಟಿರಿ. ನಾನು ಆಗ ಪತ್ರಿಕೆಯ ಭಾನುವಾರದ ಪುಟಕ್ಕೆ ರೋಮ್ ನಗರದ ಬಗ್ಗೆ ಬರೆಯುತ್ತಿದ್ದೆ. ಸಾಮ್ರಾಜ್ಯ ಕುಸಿದ ಮೇಲೆ, ಮುತ್ತಿಗೆ ಹಾಕಿದ ಗೋಥರೆಂಬ ದಾಳಿಕೋರರು ಬೆಟ್ಟಗಳಿಂದ ನೀರು ತರುತ್ತಿದ್ದ ಕಾಲುವೆಗಳನ್ನು ಕಡಿದರು. ಸ್ನಾನಗೃಹಗಳು ಒಣಗಿದವು. ಜನ ದಿಬ್ಬಗಳನ್ನು ಬಿಟ್ಟು ನದಿಯಂಚಿಗೆ ಇಳಿದರು, ಬಾವಿಗಳಿಗೆ ಮರಳಿದರು. ಈ ಕಥೆಗೆ ನನಗೆ ನಮ್ಮೂರಿನದೊಂದು ಬಾವಿ ಬೇಕಿತ್ತು.

"ಪೇಪರ್ನೋರೇ, ಕುಡಿಯೋಕೆ ಆಗ್ತದಾ ಇದು? ನೋಡ್ಸಿ ಹೇಳಿ. ಆಮೇಲ್ ನನ್ನ ತಲೆಗೆ ಬರ್ಬಾರ್ದು," ಎಂದು ನೀವೇ ಒಂದು ಬಾಟಲಿ ತುಂಬಿ ಕೊಟ್ಟಿರಿ.

ಪ್ರಯೋಗಾಲಯಕ್ಕೆ ಕೊಟ್ಟೆ. ವರದಿ ಬರುವ ಮೊದಲೇ ಪುಟ ಅಚ್ಚಿಗೆ ಹೋಗಬೇಕಿತ್ತು. "ಪರೀಕ್ಷೆಗೆ ಕಳುಹಿಸಲಾಗಿದೆ" ಎಂದು ಬರೆದಿದ್ದೆ. ಪುಟದಲ್ಲಿದ್ದ ಜಾಗಕ್ಕೆ ಸಾಲು ಉದ್ದವಾಯಿತು — "ಪರೀಕ್ಷಿಸಿದ ನೀರು" ಎಂದು ಮಾಡಿದೆ. ನಾನೇ ಮಾಡಿದೆ. ಅದನ್ನು ಓದಿ ಬ್ಯಾಟರಾಯನಪುರದಿಂದಲೂ ಜನ ಕ್ಯಾನ್ ಹಿಡಿದು ಬಂದರು.

ಸೋಮವಾರ ವರದಿ ಬಂತು. ಚರಂಡಿ ನೀರು ಬೆರೆತಿದೆ, ಕುಡಿಯಲು ಯೋಗ್ಯವಲ್ಲ. ಆ ಕ್ಷಣವೇ ನಿಮಗೆ ಫೋನ್ ಮಾಡಬೇಕಿತ್ತು. ಆದರೆ ಅಂದು ಬೆಳಿಗ್ಗೆ ಸಂಪಾದಕರು ಎಲ್ಲರೆದುರು ಲೇಖನವನ್ನು ಹೊಗಳಿದ್ದರು — ನಾನು ವರದಿಯನ್ನು ಮಡಚಿ ಡ್ರಾಯರಿನಲ್ಲಿಟ್ಟೆ. ಮುಂದಿನ ಭಾನುವಾರ ತಿದ್ದುಪಡಿ ಪ್ರಕಟವಾಯಿತು, ನಿಜ. ರೋಮಿನ ಕಾಲುವೆ ಕಡಿದದ್ದು ನಾನು ಬರೆದಂತೆ ಐದನೆಯ ಶತಮಾನದಲ್ಲಲ್ಲ, ಆರನೆಯದರಲ್ಲಿ ಎಂದು ಓದುಗರೊಬ್ಬರು ಬರೆದಿದ್ದರು. ಅದಕ್ಕೆ ವಿಷಾದಿಸಿದ್ದೆ.

ಅಷ್ಟರಲ್ಲಿ ನಿಮ್ಮ ಬೀದಿಯ ಎರಡು ಮನೆಗಳ ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದರು. ಬದುಕಿಕೊಂಡರು. ಬಾವಿಯ ಮೇಲೆ ಚಪ್ಪಡಿ ಎಳೆದರು. ನಿಮ್ಮ ಓರಗಿತ್ತಿ ಅಂಗಳದಲ್ಲಿ ನಿಂತು, "ಕಂಡಕಂಡೋರ ಕೊಡ ಇಳ್ಸಿದ್ಯಲ್ಲ, ಗಂಗಮ್ಮ ಮುನಿಸ್ಕೊಂಡ್ಲು. ಅನುಭವ್ಸೀಗ!" ಎಂದಾಗ ನಾನು ಗೇಟಿನ ಹತ್ತಿರವೇ ಇದ್ದೆ. ನೀವು ಅದನ್ನು ನಂಬಿಬಿಟ್ಟಿರಿ, ನಂಬುವುದನ್ನು ನಾನು ನಿಮ್ಮ ಮುಖದಲ್ಲಿ ಕಂಡೆ. ಚರಂಡಿ ಕಣಮ್ಮ, ಬರೀ ಚರಂಡಿ — ಎಂದು ನಾನು ಒಂದು ಮಾತು ಅಂದಿದ್ದರೆ...

ವರ್ಷಗಳಾದ ಮೇಲೆ, ಹೋದ ತಿಂಗಳು, ನಿಮ್ಮ ಮೊಮ್ಮಗಳ ಮದುವೆಗೆ ಬಂದೆ. ಗಂಗೆಪೂಜೆಯ ಕಳಶ ಹೊರಬೇಕಾದವರು ಮನೆಯ ಹಿರಿಯ ಮುತ್ತೈದೆಯಾದ ನೀವು. ಯಾರೂ ಹೇಳದೆಯೇ ಹಿಂದೆ ಸರಿದು, ಓರಗಿತ್ತಿಯನ್ನು ಮುಂದೆ ಬಿಟ್ಟಿರಿ. ಊಟದಲ್ಲಿ ನನ್ನ ಎಲೆಯ ಪಕ್ಕ ಲೋಟ ಇಡುತ್ತ ನಕ್ಕಿರಿ: "ಕುಡೀರಿ ಪೇಪರ್ನೋರೇ, ಅಂಗ್ಡಿ ನೀರೇ. ನಾನ್ ಮುಟ್ಟಿದ್ದು ಅಂತ ಹೆದರ್ಬೇಡಿ."

ಕುಡಿದೆ. ಎದ್ದು ಕೈ ತೊಳೆದು ಹೊರಟು ಬಂದೆ.

ಈ ವಾರ ನಿಮ್ಮ ಮನೆಗೆ ಬರುತ್ತೇನೆ. ಓರಗಿತ್ತಿಯವರೂ ಇರಲಿ. ಅವರು ಅಂಗಳದಲ್ಲಿ, ಬೀದಿಗೆಲ್ಲ ಕೇಳುವಂತೆ ಹೇಳಿದ್ದರು. ನಾನೂ ಅಲ್ಲಿಯೇ ನಿಂತು ಹೇಳಬೇಕು.