ಒಂದೇ ನಂಬರಿನ ಓಣಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯವರಿಗೆ ಇದು ಮೊದಲಿಂದಲೂ ಗೊತ್ತು, ಆಫೀಸಿನವರಿಗೆ ಆ ವರ್ಷ ಗೊತ್ತಾಯಿತು. ದಾವಣಗೆರೆಯ ವಿದ್ಯಾನಗರದಲ್ಲಿ, ಲೇಡೀಸ್ ಹಾಸ್ಟೆಲಿನ ಎದುರಿನ ಮಹಡಿಯಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಅಲ್ಲಿ ನಾನು ಬಹಳ ವರ್ಷ ಡೇಟಾ ಎಂಟ್ರಿ ಮಾಡಿದವಳು. ಬೇರೆಯವರು ಬರೆದದ್ದನ್ನು ನೋಡಿ ನೋಡಿ ಟೈಪ್ ಮಾಡುವುದು. ಬೆರಳು ಓಡುತ್ತಿದ್ದವು, ತಲೆ ತೂಕಡಿಸುತ್ತಿತ್ತು. ಟೆಸ್ಟಿಂಗ್ ಮಾಡುತ್ತಿದ್ದ ಹುಡುಗಿ ಮದುವೆಯಾಗಿ ಹುಬ್ಬಳ್ಳಿಗೆ ಹೋದಾಗ ನಾನೇ ಮಾಲೀಕರ ಕೋಣೆಗೆ ನುಗ್ಗಿ, ಆ ಕೆಲಸ ನನಗೆ ಕೊಡಿ ಎಂದು ಕೇಳಿಬಿಟ್ಟೆ. ಅವರು ಕನ್ನಡಕ ಹಣೆಗೇರಿಸಿ, "ನೋಡ್ರಿ, ಹರಿಹರದ ಕ್ಲಿನಿಕ್ಕಿನ ಆ್ಯಪ್ ಕೊಡೋ ಹೊತ್ತಿಗೆ ಕಲ್ತ್ರೆ ಆ ಕೆಲ್ಸ ನಿಮ್ದು. ಇಲ್ಲಾಂದ್ರ ವಾಪಸ್ ಟೈಪಿಂಗು," ಎಂದರು. ಮತ್ತೆ ಟೈಪ್ ಮಾಡುತ್ತಾ ಕೂರುವುದಕ್ಕಿಂತ ಮನೆಯಲ್ಲಿ ರೊಟ್ಟಿ ಬಡಿದುಕೊಂಡಿರುವುದೇ ವಾಸಿ ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಟೆಸ್ಟಿಂಗ್ ಎಂದರೆ ನಾನು ತಿಳಿದದ್ದು ಇಷ್ಟೇ. ಯಾರೋ ಮೊದಲೇ ಬರೆದಿಟ್ಟ ಹಂತಗಳಿರುತ್ತವೆ. ಇಲ್ಲಿ ಒತ್ತು, ಅಲ್ಲಿ ಹೆಸರು ಬರೆ, ಇಂಥದ್ದು ಬಂದರೆ ಸರಿ ಎಂದು ಗುರುತು ಹಾಕು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಕೆಲಸ. ಕ್ಲಿನಿಕ್ಕಿನ ಆ್ಯಪ್ ಕೂಡ ಸುಲಭದ್ದೇ ಆಗಿತ್ತು. ರೋಗಿ ತನ್ನ ಮೊಬೈಲ್ ನಂಬರ್ ಕೊಟ್ಟು ಹೆಸರು ಬರೆಸಬೇಕು. ಡಾಕ್ಟರು ಬರೆದ ಮಾತ್ರೆ, ರಕ್ತಪರೀಕ್ಷೆ ಎಲ್ಲ ಆ ರೋಗಿಯ ಪುಟದಲ್ಲಿ ಕೂರುತ್ತವೆ. ನಾನು ಒಂದೇ ಬೆಳಗಿನಲ್ಲಿ ಎಲ್ಲ ಗುರುತೂ ಹಾಕಿ ಮುಗಿಸಿ, ಬೀಗುತ್ತಾ ಕುಳಿತಿದ್ದೆ.

ಆಗ ನನಗೆ ಕಲಿಸಲೆಂದು ಒಬ್ಬ ಮೇಡಂ ಬಂದರು. ದೊಡ್ಡ ದೊಡ್ಡ ಕಡೆ ಇದೇ ಕೆಲಸ ಮಾಡಿ, ಈಗ ಇದೇ ಊರಿನ ಆನೆಕೊಂಡದಲ್ಲಿ ತಂಗಿಯ ಮನೆ ಪಕ್ಕ ನೆಮ್ಮದಿಯಾಗಿ ಇದ್ದವರು. ನರೆತ ತಲೆ, ನೂಲಿನ ಸೀರೆ, ಅವಸರವಿಲ್ಲದ ಮಾತು. ನನ್ನ ಗುರುತುಗಳನ್ನು ನೋಡಿ, "ಏನ್ ಕಂಡ್ರಿ?" ಎಂದು ಕೇಳಿದರು.

"ಎಲ್ಲಾ ಸರಿ ಐತ್ರಿ."

"ಸರಿ ಐತೆ ಅಂತ ಆ್ಯಪ್ ಬರೆದವ್ರೇ ಹೇಳ್ತಾರೆ. ನೀವು ಏನ್ ಕಂಡ್ರಿ?"

ನನಗೆ ಉರಿದುಹೋಯಿತು. ಇನ್ನೇನು ಕಾಣಬೇಕಿತ್ತು, ಅದರೊಳಗೆ ದೇವರನ್ನೇ?

ಮೇಡಂ ಹೇಳಿಕೊಟ್ಟ ಕ್ರಮ ಕೇಳಲು ಬಹಳ ಸರಳ. ಹಂತಗಳನ್ನು ಪಕ್ಕಕ್ಕಿಡು. ಒಂದು ಪ್ರಶ್ನೆ ಹಿಡಿದುಕೊ. ಕೂತಲ್ಲಿಂದ ಟೀ ಬರುವವರೆಗೆ, ಅಷ್ಟೇ ಹೊತ್ತು, ಆ ಪ್ರಶ್ನೆಯ ಬೆನ್ನು ಹತ್ತಿ ಆ್ಯಪಿನ ತುಂಬ ಅಡ್ಡಾಡು. ಕಂಡದ್ದರಿಂದಲೇ ಮುಂದೆ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸು. ಟೀ ಬಂದಾಗ ಕಂಡದ್ದನ್ನು ಬಾಯಿಬಿಟ್ಟು ಹೇಳು. "ಹಂತಾನೇ ಇಲ್ದ ಹೆಂಗ್ರಿ ಮಾಡೋದು?" ಎಂದು ನಾನು ಜಗಳಕ್ಕೇ ನಿಂತೆ. ಅವರು ನಕ್ಕು, "ಸೀರೆ ಅಂಗಡ್ಯಾಗ ಹೆಂಗ್ ಮಾಡ್ತೀರಿ? ಸೆರಗು ಬಿಡಿಸ್ತೀರಿ, ಬೆಳಕಿಗೆ ಹಿಡೀತೀರಿ, ಬಣ್ಣ ಯಾಕೋ ಅನುಮಾನ ಅನ್ನಿಸ್ತು ಅಂದ್ರ ಒಳಮಗ್ಗಲು ನೋಡ್ತೀರಿ. ಯಾರಾದ್ರೂ ಬರ್ಕೊಟ್ಟಿರ್ತಾರೇನು?" ಎಂದರು.

ಆದರೂ ಮೊದಲ ದಿನಗಳು ದಂಡವಾದವು. ಸಿಟ್ಟಿನಲ್ಲಿ ನಾನು ಆ್ಯಪನ್ನು ಬಡಿದೆ. ವಯಸ್ಸಿನ ಜಾಗದಲ್ಲಿ ಹೆಸರು ಬರೆದೆ, ಹೆಸರಿನ ಜಾಗದಲ್ಲಿ ಬರೀ ಚುಕ್ಕೆ ಇಟ್ಟೆ, ಹಿಂದೆ ಮುಂದೆ ಒತ್ತಿ ಒತ್ತಿ ಅದು ಉಸಿರುಗಟ್ಟಿ ನಿಲ್ಲುವಂತೆ ಮಾಡಿದೆ. ಸಣ್ಣಪುಟ್ಟ ತಪ್ಪುಗಳೂ ಸಿಕ್ಕವು. ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, "ಬಡಿಯೋದು ಆತು. ಈಗ ಹುಡುಕ್ರಿ. ಇದನ್ನ ಬಳಸೋರು ಯಾರು?" ಎಂದರು.

"ಹರಿಹರದ ಮಂದಿ."

"ನೀವೂ ಹರಿಹರದವ್ರೇ ಅಲ್ಲೇನು?"

ಅಯ್ಯೋ ಶಿವನೇ! ದಿನಾ ಬೆಳಿಗ್ಗೆ ಹರಿಹರದಿಂದ ಬಸ್ಸು ಹತ್ತಿ ಬರುವವಳು ನಾನು. ಆ ಕ್ಲಿನಿಕ್ಕು ನಮ್ಮ ಓಣಿಯ ತುದಿಯಲ್ಲೇ ಇದೆ, ನಮ್ಮ ಅತ್ತೆ ತಿಂಗಳಿಗೊಮ್ಮೆ ಬಿ.ಪಿ. ತೋರಿಸಿಕೊಂಡು ಬರುವುದೂ ಅಲ್ಲೇ. ಇಷ್ಟಾದರೂ ಆ್ಯಪಿನೊಳಗೆ ನಾನು ಊರಿಲ್ಲದ, ಓಣಿಯಿಲ್ಲದ ಯಾರ್ಯಾರನ್ನೋ ಕಳಿಸುತ್ತಿದ್ದೆ. ಅವತ್ತು ಒಂದು ಪ್ರಶ್ನೆ ಹಿಡಿದೆ: ನಮ್ಮ ಓಣಿಯವರು ಇಲ್ಲಿಗೆ ಬಂದರೆ ಏನಾಗುತ್ತದೆ?

ಮೊದಲು ಆ್ಯಪಿನೊಳಗೆ ಅತ್ತೆಯ ಹೆಸರು ಬರೆದು ಕಳಿಸಿದೆ. ಅತ್ತೆ ಎಲ್ಲಿ ಹೋದರೂ ಕೊಡುವುದು ನನ್ನ ನಂಬರು. ಕಂಪ್ಯೂಟರ್ ಆಫೀಸಿನಲ್ಲಿ ಇದ್ದಾಳೆ, ಅವಳಿಗೆ ತಿಳಿಯುತ್ತದೆ ಎಂದು. ಅವರಷ್ಟೇ ಅಲ್ಲ, ಪಕ್ಕದ ಮನೆಯ ದೊಡ್ಡಮ್ಮ, ಎದುರು ಮನೆಯ ಬಾಣಂತಿ, ಅವಳ ಅತ್ತೆ, ಎಲ್ಲರೂ ಗ್ಯಾಸಿಗೆ, ಬ್ಯಾಂಕಿಗೆ, ರೇಷನ್ನಿಗೆ ಕೊಟ್ಟಿರುವುದು ನನ್ನದೇ ನಂಬರು. ಬಸ್ಸಿನಲ್ಲಿ ನಿಂತಿರುವಾಗ ಫೋನು ಬಡಿದುಕೊಳ್ಳುತ್ತದೆ. "ಓಟಿಪಿ ಬಂತೇನವ್ವಾ, ಬಿರ್ರನೆ ಹೇಳು," ಎಂದು ಕೂಗುತ್ತಾರೆ. ನಾನು ಬೈದುಕೊಂಡೇ ಓದಿ ಹೇಳುತ್ತೇನೆ. ನಮ್ಮಲ್ಲಿ ಇದು ಎಷ್ಟು ರೂಢಿ ಎಂದರೆ, ವಿಚಿತ್ರ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಅತ್ತೆಯ ಪುಟದಲ್ಲಿ ಬಿ.ಪಿ. ಮಾತ್ರೆ ಬರೆದೆ. ಆಮೇಲೆ ಅದೇ ನಂಬರಿನಲ್ಲಿ ಪಕ್ಕದ ಮನೆಯ ದೊಡ್ಡಮ್ಮನನ್ನು ಕಳಿಸಿದೆ. ಅವರಿಗೆ ಸಕ್ಕರೆ ಕಾಯಿಲೆ. ಆ್ಯಪು ಒಂದು ಮಾತೂ ಆಡಲಿಲ್ಲ. ಅತ್ತೆಯ ಹೆಸರು ಅಳಿಸಿಹೋಗಿ ಆ ಜಾಗದಲ್ಲಿ ದೊಡ್ಡಮ್ಮನ ಹೆಸರು ಬಂತು. ಕೆಳಗೆ ಅತ್ತೆಯ ಮಾತ್ರೆಗಳು ಹಾಗೇ ಇದ್ದವು. ಅತ್ತೆಯೇ ಕಾಣೆಯಾದಷ್ಟು ಹೆದರಿಕೆಯಾಯಿತು ನನಗೆ. ಟೀ ಬರುವವರೆಗೆ ಕಾಯದೆ ಮೇಡಂ ಹತ್ತಿರ ಓಡಿದೆ. ಅವರು ನೋಡಿ, "ಹೂಂ, ಈಗ ಕಂಡ್ರಿ," ಎಂದಷ್ಟೇ ಅಂದರು.

ಆ್ಯಪ್ ಕೊಡುವುದು ಸೋಮವಾರ ಎಂದು ನಿಗದಿಯಾಗಿತ್ತು. ಕ್ಲಿನಿಕ್ಕಿನವರು ಆ್ಯಪ್ ಶುರು ಮಾಡುವ ಪೂಜೆಗೆ ಹೂವಿಗೂ ಹೇಳಿಯಾಗಿತ್ತು. ಶುಕ್ರವಾರ ಮಾಲೀಕರು ಎಲ್ಲರನ್ನೂ ಕೂರಿಸಿಕೊಂಡರು. ನಾನು ವಿಷಯ ಹೇಳಿದ ಕೂಡಲೇ ಆ್ಯಪ್ ಬರೆದವನು, ನನ್ನ ತಮ್ಮನ ವಯಸ್ಸಿನವನು, ಮುಖ ಸಣ್ಣ ಮಾಡಿದ. "ಅಕ್ಕಾ, ಒಬ್ರಿಗೆ ಒಂದು ನಂಬರ್ ಅಂತ ಡಾಕ್ಟ್ರೇ ಒಪ್ಪಿದ್ದು. ಹೇಳಿದಂಗೆ ಮಾಡೀನಿ. ಇದು ತಪ್ಪು ಹೆಂಗಾಗ್ತೈತೆ?"

ಅವನು ಹೇಳಿದ್ದೂ ನಿಜವೇ. ಮಾಲೀಕರು ನನ್ನ ಕಡೆ ತಿರುಗಿ, "ಸುಮ್ನೆ ಎಳೀಬ್ಯಾಡ್ರಿ. ಕೊಡಬಹುದೋ ಬ್ಯಾಡೋ, ನೀವೇ ಹೇಳ್ರಿ," ಎಂದರು. ಅವರ ದನಿಯಲ್ಲಿ ಬೇಕಾದ ಉತ್ತರ ಯಾವುದೆಂದು ಚೆನ್ನಾಗಿ ಕೇಳಿಸುತ್ತಿತ್ತು. ಕೊಡಬಹುದು ಎಂದರೆ ಆ ಕೆಲಸ ನನ್ನದು. ಬೇಡ ಎಂದರೆ ಟೈಪಿಂಗು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ನುಂಗಲೂ ಆಗದು ಉಗುಳಲೂ ಆಗದು. ಮೇಡಂ ಮುಖ ನೋಡಿದೆ. ಅವರು ತಮ್ಮ ಪಾಡಿಗೆ ತಾವು ಟೀ ಕುಡಿಯುತ್ತಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು.

"ಬ್ಯಾಡ ಸರ್," ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಸೋಮವಾರ ಕೊಟ್ರ ಮಂಗಳವಾರ ನಮ್ಮತ್ತೆ ಮಾತ್ರೆ ಇನ್ಯಾರೋ ನುಂಗ್ತಾರೆ. ಬೇಕಾದ್ರ ನನ್ನ ವಾಪಸ್ ಟೈಪ್ ಮಾಡಾಕ ಕೂಡ್ರಿಸ್ರಿ. ಇದನ್ನ ಸರಿ ಐತೆ ಅಂತ ನಾನು ಹೇಳಂಗಿಲ್ಲ."

ಮಾಲೀಕರು ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ವಿಷಯ ಕೇಳಿ ಆಕೆ ಜೋರಾಗಿ ನಕ್ಕರು. "ಹೌದಲ್ರೀ! ನಮ್ಮಲ್ಲಿ ಓಣಿಗೊಂದೇ ನಂಬರ್ ಕೊಡ್ತಾರೆ. ನಂಗೂ ಹೇಳಾಕ ನೆನಪೇ ಆಗಿಲ್ಲ ನೋಡ್ರಿ. ಪೂಜೆ ಮುಂದಕ್ಕ ಹಾಕಣ, ಒಂದೇ ನಂಬರಿಗೆ ಬ್ಯಾರೆ ಬ್ಯಾರೆ ಪುಟ ಆಗೋ ಹಂಗ ಸರಿ ಮಾಡೇ ಕೊಡ್ರಿ."

ಮಾಲೀಕರು ಫೋನಿಟ್ಟು, "ಟೈಪಿಂಗಿಗೆ ಬ್ಯಾರೆ ಯಾರನ್ನಾದ್ರೂ ನೋಡ್ಬೇಕು," ಎಂದು ಯಾರಿಗೋ ಹೇಳುವಂತೆ ಹೇಳಿ ಎದ್ದುಹೋದರು. ಅದರರ್ಥ ತಲೆಗಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಇಳಿದ ಮೇಲೆ ಕಣ್ಣಲ್ಲಿ ನೀರು ಬಂತು. ಹೊರಗೆ ಬಂದು ಮೇಡಂಗೆ, "ನೀವಾದ್ರೂ ಒಂದು ಮಾತು ಹೇಳಬಾರ್ದಿತ್ತೇನ್ರಿ?" ಎಂದು ಕೇಳಿದೆ. "ನಾ ಹೇಳಿದ್ರ ಅದು ನನ್ನ ಮಾತು ಆಗ್ತಿತ್ತು," ಎಂದು ಅವರು ಚಪ್ಪಲಿ ಮೆಟ್ಟಿಕೊಂಡರು.

ಸಂಜೆ ಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಖುಷಿ ತಡೆಯಲಾರದೆ ಪಕ್ಕದಲ್ಲಿ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಕೈ ನಿಂತಿತು, ಮುಖ ಬಾಡಿತು.

"ಹಂಗಾರೆ ನಾವೆಲ್ಲ ನಿನ್ನ ನಂಬರ್ ಕೊಟ್ಟಿದ್ದೇ ತಪ್ಪಾತೇನವ್ವಾ? ನಮಗ ಗೊತ್ತಾಗ್ಲಿಲ್ಲ. ನಾಳೆ ನಾನೂ ಒಂದು ಫೋನ್ ತಗಂತೀನಿ ಬಿಡು."

ಇಷ್ಟು ವರ್ಷ ಆ ಫೋನು ಬಡಿದುಕೊಂಡಾಗಲೆಲ್ಲ ಬೈದುಕೊಂಡವಳು ನಾನು. ಅವರ ಕೈಯಿಂದ ಮೊರ ಇಸಿದುಕೊಂಡೆ.

"ಬ್ಯಾಡ ಅತ್ತೆ. ನೀವು ನಂದೇ ಕೊಡ್ರಿ."