ಮುಳುಗಿದ ಊರಿಗೆ ಒಬ್ಬಳೇ

ಸಮುದ್ರದಡಿಯ ಆ ಊರನ್ನು ನೋಡಬೇಕೆಂದು ವರ್ಷಗಟ್ಟಲೆ ಹಂಬಲಿಸಿದವರು ನನ್ನ ಗಂಡ. ನೋಡಿ ಬಂದವಳು ನಾನು.

ಇವರು ಬೆಳೆದದ್ದು ಚಿತ್ರದುರ್ಗದಲ್ಲಿ, ಕೋಟೆಯ ಬುಡದ ಓಣಿಯೊಂದರಲ್ಲಿ. ಶಾಲೆ ಬಿಟ್ಟ ಕೂಡಲೇ ಕೋಟೆ ಹತ್ತಿದರೆ ಕತ್ತಲಾಗುವ ಮೊದಲು ಇಳಿಯುತ್ತಿರಲಿಲ್ಲವಂತೆ. ಮದುವೆಯಾದ ಹೊಸದರಲ್ಲಿ ಮೈಸೂರಿನವಳಾದ ನನ್ನನ್ನೂ ಅಲ್ಲಿ ಮಟಮಟ ಮಧ್ಯಾಹ್ನ ನಡೆಸಿಕೊಂಡು ಹೋಗಿ, ಈ ಗೋಡೆ ಮೊದಲಿನದು, ಇದು ಆಮೇಲೆ ಸೇರಿಸಿದ್ದು ಎಂದು ಕಲ್ಲು ಮುಟ್ಟಿ ಮುಟ್ಟಿ ತೋರಿಸಿದ್ದರು. ನನಗೆ ಕಾಲಿಗೆ ಬೊಬ್ಬೆ ಬಂದದ್ದಷ್ಟೇ ನೆನಪು. ಹಾಳುಬಿದ್ದ ಗೋಡೆ ಎಂದರೆ ಇವರಿಗೆ ಅಷ್ಟು ಜೀವ.

ಕುವೈತಿಗೆ ಬಂದು ರಿಫೈನರಿಯಲ್ಲಿ ಎಂಜಿನಿಯರ್ ಆದ ಮೇಲೆ ಕೋಟೆಯೂ ಇಲ್ಲ, ಬೆಟ್ಟವೂ ಇಲ್ಲ. ಮಂಗಫ್‌ನ ಫ್ಲಾಟು, ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು. ನಾನು ಫಹಾಹೀಲಿನ ಕ್ಲಿನಿಕ್ಕೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮಗಳು ಕಾಲೇಜಿಗೆಂದು ಮೈಸೂರಿಗೆ ಹೋದ ಮೇಲೆ ಶುಕ್ರವಾರಗಳು ಬಹಳ ಉದ್ದವಾದವು. ಆಗ ಇವರಿಗೆ ಎಲ್ಲಿಯೋ ಓದಿ ಗೊತ್ತಾಯಿತು, ಇಟಲಿಯ ನೇಪಲ್ಸ್ ಹತ್ತಿರ ಬಾಯಾ ಎಂಬ ಊರಿದೆ, ರೋಮಿನ ಸಿರಿವಂತರು, ಚಕ್ರವರ್ತಿಗಳು ಬಂಗಲೆ ಕಟ್ಟಿಸಿಕೊಂಡಿದ್ದ ಅದರ ಅರ್ಧ ಭಾಗ ಈಗ ಸಮುದ್ರದ ಕೆಳಗಿದೆ ಎಂದು. ಅಡಿಯಲ್ಲಿರುವ ಜ್ವಾಲಾಮುಖಿಯಿಂದಾಗಿ ನೆಲ ಇಷ್ಟಿಷ್ಟೇ ಕುಸಿದು, ಮನೆ, ಬೀದಿ, ಸ್ನಾನದ ಕೊಳ ಎಲ್ಲವೂ ಇದ್ದಲ್ಲೇ ನೀರಿಗಿಳಿದವಂತೆ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದರೆ ಆ ಬೀದಿಗಳಲ್ಲಿ ಈಜಬಹುದು.

"ಈಜಕ್ಕೇ ಬರಲ್ಲ ನಿಮಗೆ" ಎಂದೆ.

"ಕಲೀತೀನಿ."

ಕಲಿತರು. ತಲೆಯಲ್ಲಿ ಬಿಳಿಕೂದಲು ಹೆಚ್ಚಾಗಿದ್ದ ವಯಸ್ಸಿನಲ್ಲಿ, ಮಹಬೂಲಾದ ಗೆಳೆಯರ ಕಟ್ಟಡದ ಈಜುಕೊಳದಲ್ಲಿ ಸಣ್ಣ ಮಕ್ಕಳ ಜೊತೆ ಕಾಲು ಬಡಿದು ಕಲಿತರು. ಆಮೇಲೆ ಕುವೈತಿನ ದಕ್ಷಿಣ ಕಡಲತೀರದ ಖಿರಾನಿನಲ್ಲಿ ಡೈವಿಂಗ್ ತರಗತಿ. ಒಬ್ಬರನ್ನೇ ಕಳಿಸಲು ಭಯವಾಗಿ ನಾನೂ ಸೇರಿದೆ. ನಮಗೆ ಕಲಿಸಿದವರು ಈಜಿಪ್ಟಿನ ಧಡೂತಿ ಮನುಷ್ಯ. ನೀರಿನ ಮೇಲೆ ಎಲ್ಲರಿಗೂ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದವರು, ಕೆಳಗಿಳಿದರೆ ಮಗುವನ್ನು ನಡೆಸುವಂತೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಕಾರೂಹ್ ದ್ವೀಪದ ಬಳಿ ಹವಳದ ನಡುವೆ ಮೊದಲ ಸಲ ಇಳಿದಾಗ ನಾನು ಅವರ ಕೈ ಬಿಡಲೇ ಇಲ್ಲ. ಇವರು ಮಾತ್ರ ಆಗಲೇ ಮುಂದೆ ಹೋಗಿ, ಮರಳಿನಲ್ಲಿ ಗೋಡೆ ಸಿಗುತ್ತದೇನೋ ಎಂಬಂತೆ ಬಗ್ಗಿ ಬಗ್ಗಿ ನೋಡುತ್ತಿದ್ದರು.

ಬಾಯಾದ ನಕ್ಷೆ ಇವರಿಗೆ ಬಾಯಿಪಾಠವಾಯಿತು. ದೋಸೆ ತಿಂದು ಮುಗಿದ ತಟ್ಟೆಯಲ್ಲಿ, ಉಳಿದ ಚಟ್ನಿಯ ಮೇಲೆ ಬೆರಳಾಡಿಸಿ, "ಇದು ಕೊಲ್ಲಿ, ಇಲ್ಲಿ ರಸ್ತೆ, ಇಲ್ಲಿ ಕಪ್ಪು ಬಿಳಿ ಕಲ್ಲಿನ ನೆಲ, ಅದರಲ್ಲಿ ಕುಸ್ತಿಯಾಡೋರ ಚಿತ್ರ" ಎಂದು ಹೇಳುವರು. ನಾನು ಹೂಂ ಎನ್ನುತ್ತಾ ತಟ್ಟೆ ಎತ್ತುವೆನು. ಕೊನೆಗೆ ಇಬ್ಬರೂ ರಜೆ ಹೊಂದಿಸಿಕೊಂಡು ಟಿಕೆಟ್ ಮಾಡಿಸಿದೆವು.

ಹೊರಡಲು ಇನ್ನೂ ತಿಂಗಳುಗಳಿದ್ದಾಗ, ಒಂದು ದಿನ ಕಚೇರಿಯ ಮೆಟ್ಟಿಲು ಹತ್ತುತ್ತಾ ಇವರಿಗೆ ಎದೆಯ ಒಂದು ಪಕ್ಕ ಚಳಕ್ ಎಂದಿತಂತೆ, ಉಸಿರು ಕಟ್ಟಿತಂತೆ. ನಾನು ಆಸ್ಪತ್ರೆಗೆ ಓಡುವ ಹೊತ್ತಿಗೆ ಪಕ್ಕೆಯಲ್ಲಿ ನಳಿಕೆ ಹಾಕಿ ಮಲಗಿಸಿದ್ದರು. ಹೃದಯದ್ದಲ್ಲ. ಶ್ವಾಸಕೋಶದ ಮೇಲಿನ ಸಣ್ಣದೊಂದು ಗುಳ್ಳೆ ಒಡೆದು, ಗಾಳಿ ಎದೆಯೊಳಗೆ ಸೋರಿ, ಒಂದು ಶ್ವಾಸಕೋಶ ಕುಸಿದಿತ್ತು. ಬೇಗ ಗುಣವಾದರು. ಬಿಡುಗಡೆಯ ದಿನ ಮಂಗಳೂರು ಕಡೆಯ ಡಾಕ್ಟರಮ್ಮ ಎದುರು ಕೂತು ಹೇಳಿದರು:

"ನಡೆಯಿರಿ, ಕೆಲಸ ಮಾಡಿ, ಸ್ವಲ್ಪ ಸಮಯ ಕಳೆದ ಮೇಲೆ ವಿಮಾನದಲ್ಲಿಯೂ ಹೋಗಿ. ಆದರೆ ಸಿಲಿಂಡರ್ ಹಾಕಿಕೊಂಡು ನೀರಿನ ಅಡಿಗೆ ಇನ್ನು ಹೋಗುವುದು ಬೇಡ. ಒಮ್ಮೆಯೂ ಬೇಡ."

"ಅಲ್ಲಿ ಆಳ ಐದೇ ಮೀಟರ್ ಡಾಕ್ಟ್ರೇ" ಎಂದರು ಇವರು. ಅಲ್ಲಿ ಎಂದರೆ ಎಲ್ಲಿ ಎಂದು ಅವರಿಗೆ ಹೇಗೆ ಗೊತ್ತಾಗಬೇಕು.

"ಐದು ಮೀಟರೇ ಧಾರಾಳ ಸಾಕು ಮಾರಾಯ್ರೇ! ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗುವುದು ಆ ಕೊನೆಯ ಕೆಲವು ಮೀಟರಿನಲ್ಲೇ ಹೆಚ್ಚು. ಆಗ ಪುನಃ ಒಡೆದರೆ ಜೀವಕ್ಕೇ ಅಪಾಯ."

ಕಾರಿನಲ್ಲಿ ಮನೆಗೆ ಹೊರಟೆವು. ಫಹಾಹೀಲ್ ದಾಟಿದ ಮೇಲೆ, "ಟಿಕೆಟ್ ಕ್ಯಾನ್ಸಲ್ ಮಾಡ್ಸೋಣ" ಎಂದೆ.

"ಯಾಕೆ? ನಿನ್ನ ಶ್ವಾಸಕೋಶ ಚೆನ್ನಾಗೇ ಇದೆಯಲ್ಲ. ನೀನು ಇಳಿ. ಬಂದು ನನಗೆ ಹೇಳು. ನಾನು ದೋಣಿಯಲ್ಲಿರ್ತೀನಿ."

ಬೇಡವೆಂದು ಎಷ್ಟೋ ಸಲ ಹೇಳಿದೆ. ಅದು ನಿಜವಾದ ಬೇಡವೇ, ಹೇಳಬೇಕೆಂದು ಹೇಳಿದ ಬೇಡವೇ, ನನಗೇ ಸರಿಯಾಗಿ ಗೊತ್ತಿಲ್ಲ. ಅಷ್ಟರಲ್ಲಿ ನನಗೂ ನೀರಿನ ರುಚಿ ಹತ್ತಿತ್ತು.

ಬಾಯಾದಲ್ಲಿ ಆ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು, ಗಾಳಿ ಇರಲಿಲ್ಲ. ಬಂದರಿನಿಂದ ಸಣ್ಣ ದೋಣಿ. ನಮ್ಮನ್ನು ಕರೆದೊಯ್ದವಳು ಮೊಣಕೈವರೆಗೆ ಬಿಸಿಲಿಗೆ ಸುಟ್ಟ, ನಗುಮುಖದ ಇಟಾಲಿಯನ್ ಹೆಣ್ಣುಮಗಳು. ಇವರು ನನ್ನ ಸೂಟಿನ ಜಿಪ್ ಎಳೆದರು, ಸಿಲಿಂಡರಿನ ಗಾಳಿ ಎಷ್ಟಿದೆ ಎಂದು ಎರಡೆರಡು ಸಲ ನೋಡಿದರು.

"ನೋವು ಬರೋ ಮುಂಚೆನೇ ಮೂಗು ಹಿಡಿದು ಊದಿ ಕಿವಿ ಬಿಡಿಸ್ಕೋ. ಅವಸರ ಮಾಡ್ಬೇಡ. ನೆಲ ತೋರಿಸಿದಾಗ ಚಿತ್ರದ ಕಾಲಿನ ಕಡೆ ನೋಡು, ಮುಖದ ಕಡೆ ಅಷ್ಟು ಉಳಿದಿಲ್ಲವಂತೆ."

ತಾವೇ ಇಳಿಯುವವರ ಹಾಗೆ ಅಂಗಿಯ ತೋಳು ಮಡಚಿಕೊಂಡಿದ್ದರು.

ಇಳಿದೆ. ಮೊದಲು ಪಾಚಿ ಹಿಡಿದ ಗೋಡೆಗಳು, ಮೊಣಕಾಲೆತ್ತರ, ಸೊಂಟದೆತ್ತರ. ಅವುಗಳ ನಡುವೆ ಬಾಗಿಲಿದ್ದ ಜಾಗದಲ್ಲಿ ಖಾಲಿ. ನಾನು ಬಾಗಿಲಿನಿಂದಲೇ ಒಳಗೆ ಹೋದೆ. ಗೋಡೆಯ ಮೇಲಿಂದ ತೇಲಿ ಹೋಗಬಹುದಿತ್ತು, ಆದರೆ ಹಾಗೆ ಮಾಡುವುದು ಮರ್ಯಾದೆಯಲ್ಲ ಅನ್ನಿಸಿತು. ಒಂದು ಕೋಣೆಯಲ್ಲಿ, ನನ್ನ ಜೊತೆ ಇಳಿದಿದ್ದ ಆ ಹೆಣ್ಣುಮಗಳು ನನ್ನನ್ನು ನಿಲ್ಲಿಸಿ, ಅಂಗೈಯನ್ನು ಬೀಸಣಿಗೆಯ ಹಾಗೆ ಮರಳಿನ ಮೇಲೆ ಬೀಸಿದಳು. ಮರಳು ಎದ್ದು ಪಕ್ಕಕ್ಕೆ ಸರಿಯಿತು. ಅಡಿಯಿಂದ ಉಗುರಿನಷ್ಟು ಉಗುರಿನಷ್ಟು ಕಪ್ಪು ಬಿಳಿ ಕಲ್ಲುಗಳು ಬಂದವು. ಆಮೇಲೆ ಒಂದು ಪಾದ. ಇನ್ನೊಂದು ಪಾದ. ಬಿಗಿದ ಮೀನಖಂಡ. ಯಾರೋ ಇಬ್ಬರು ಒಬ್ಬರನ್ನೊಬ್ಬರು ಹಿಡಿದು ಜಗ್ಗುತ್ತಿದ್ದಾರೆ, ಇಷ್ಟು ಶತಮಾನಗಳಾದರೂ ಕುಸ್ತಿ ಮುಗಿದಿಲ್ಲ. ಬಾಯಲ್ಲಿ ಗಾಳಿಯ ನಳಿಕೆ ಇದ್ದರೂ ನಾನು ಗಟ್ಟಿಯಾಗಿ ನಕ್ಕೆ, ಗುಳ್ಳೆಗಳು ದಡದಡ ಮೇಲೆ ಹೋದವು. ಸ್ವಲ್ಪ ದೂರದಲ್ಲಿ ನೆಲದಿಂದಲೇ ಸಣ್ಣ ಗುಳ್ಳೆಗಳ ಸಾಲು ಏಳುತ್ತಿತ್ತು. ಕೈಯಿಟ್ಟರೆ ಮರಳು ಬೆಚ್ಚಗಿತ್ತು. ಹೊರಡುವ ಮೊದಲು ಅವಳು ಮಗುವಿಗೆ ಹೊದಿಸುವ ಹಾಗೆ ಆ ಚಿತ್ರದ ಮೇಲೆ ಮತ್ತೆ ಮರಳು ಎಳೆದಳು.

ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಮೇಲೆ ಬಂದಾಗ ಮೊದಲು ಕಂಡದ್ದು ದೋಣಿಯ ಅಂಚಿನಿಂದ ಚಾಚಿದ ಇವರ ಕೈ. ಆಮೇಲೆ ಮುಖ. ಫಲಿತಾಂಶದ ಬೋರ್ಡಿನ ಮುಂದೆ ನಿಂತ ಹುಡುಗನ ಮುಖ ಹಾಗಿರುತ್ತದೆ.

"ಹೇಗಿತ್ತು?"

ನನಗೆ ಆ ಮುಖಕ್ಕೆ ನಿಜ ಹೇಳಲು ಬಾಯಿ ಬರಲಿಲ್ಲ.

"ಅಯ್ಯೋ, ಏನೂ ಕಾಣಿಸ್ಲಿಲ್ಲ ರೀ. ನೀರೆಲ್ಲ ರಾಡಿ. ಬರೀ ಪಾಚಿ, ಕಲ್ಲು. ಇಷ್ಟಕ್ಕೆ ಇಷ್ಟು ದೂರ ಬಂದ್ವಾ ಅನ್ನಿಸ್ತು."

"ಹೌದಾ" ಎಂದರು. ನನ್ನ ಸಿಲಿಂಡರ್ ಬಿಚ್ಚಲು ನೆರವಾದರು. ಟವೆಲ್ ಕೊಟ್ಟರು. ಬಂದರಿಗೆ ಮರಳುವಷ್ಟು ಹೊತ್ತೂ ನೀರನ್ನೇ ನೋಡುತ್ತಿದ್ದರು. ನಾನು ಒಳ್ಳೆಯದನ್ನೇ ಮಾಡಿದೆ ಎಂದುಕೊಂಡೆ. ಅವರು ಕಳೆದುಕೊಂಡದ್ದು ದೊಡ್ಡದೇನಲ್ಲ ಎಂದಾದರೆ ಸಂಕಟ ಕಡಿಮೆಯಾಗುತ್ತದೆ ಎಂಬುದು ನನ್ನ ಲೆಕ್ಕ.

ಆ ಲೆಕ್ಕ ತಪ್ಪೆಂದು ಕುವೈತಿಗೆ ಮರಳಿದ ಮೇಲೆ ಗೊತ್ತಾಯಿತು. ಇವರು ಬಾಯಾದ ಮಾತನ್ನೇ ಬಿಟ್ಟರು. ಅಷ್ಟೇ ಅಲ್ಲ, ಕೋಟೆಯ ಮಾತೂ ಇಲ್ಲ, ಕಲ್ಲಿನ ಮಾತೂ ಇಲ್ಲ. ದೋಸೆ ತಿಂದು ಸುಮ್ಮನೆ ತಟ್ಟೆ ತೊಳೆದಿಡುವರು. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಮನೆಗೆ ಬಂದ ಸ್ನೇಹಿತರು ಇಟಲಿಯ ಸುದ್ದಿ ಕೇಳಿದಾಗ, "ಅಲ್ಲೇನೂ ಇಲ್ಲ ಬಿಡಿ. ನಮ್ಮನೆಯವಳೇ ಇಳಿದು ನೋಡಿ ಬಂದಳಲ್ಲ, ಬರೀ ಪಾಚಿಯಂತೆ" ಎಂದು ನಕ್ಕರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಚಹಾದ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ನಿಂತಾಗ ನನ್ನ ಕಣ್ಣಿಗೆ ಕಂಡದ್ದು ಆ ಕಪ್ಪು ಬಿಳಿ ಪಾದಗಳು. ಇವರ ನಕ್ಷೆಯಲ್ಲಿದ್ದದ್ದನ್ನು ನಾನು ಕದ್ದು ಇಟ್ಟುಕೊಂಡಿದ್ದೆ.

ಮುಂದಿನ ಶುಕ್ರವಾರ ಇವರು ತಮ್ಮ ಡೈವಿಂಗ್ ಸೂಟು, ಮಾಸ್ಕು, ಕಾಲಿನ ರೆಕ್ಕೆ ಎಲ್ಲವನ್ನೂ ಬಾಲ್ಕನಿಗೆ ತಂದು ತೊಳೆಯಲು ಕೂತರು. ಕಚೇರಿಯ ಗೆಳೆಯರೊಬ್ಬರು ಹೊಸದಾಗಿ ಕಲಿಯುತ್ತಿದ್ದರು, ಅವರಿಗೆ ಕೊಡುವುದೆಂದು ತೀರ್ಮಾನಿಸಿದ್ದರು. ಬಕೆಟ್ಟಿನಲ್ಲಿ ಸೂಟು ಅದ್ದಿ, ಮಗಳ ಯೂನಿಫಾರ್ಮ್ ಒಗೆಯುತ್ತಿದ್ದಷ್ಟೇ ಜೋಪಾನದಿಂದ ತೋಳುಗಳನ್ನು ಉಜ್ಜುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ರೀ, ಅವತ್ತು ನಾನು ಸುಳ್ಳು ಹೇಳ್ದೆ. ಎಲ್ಲಾ ಕಾಣಿಸ್ತು."

ಇವರು ತಲೆ ಎತ್ತಲಿಲ್ಲ.

"ಗೊತ್ತು ಕಣೇ."

"ಹೇಗೆ ಗೊತ್ತು?"

"ಹೇಗೆ ಅಂದ್ರೆ? ದೋಣಿಯಿಂದಲೇ ತಳ ಕಾಣ್ತಿತ್ತು. ನಿನ್ನ ಹಳದಿ ರೆಕ್ಕೆ ಯಾವ ಗೋಡೆ ಹತ್ತಿರ ತಿರುಗಿತು ಅನ್ನೋದೂ ಕಾಣ್ತಿತ್ತು. ನನ್ನ ಕಣ್ಣೇನೂ ಹೋಗಿಲ್ಲವಲ್ಲ, ಹೋಗಿದ್ದು ಶ್ವಾಸಕೋಶ."

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಇಷ್ಟು ತಿಂಗಳು ಇವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಇವರು ನನ್ನ ಸುಳ್ಳನ್ನು ಕಾಪಾಡುತ್ತಿದ್ದರು, ಸ್ನೇಹಿತರ ಮುಂದೆಯೂ.

"ಮತ್ತೆ ಯಾಕೆ ಕೇಳ್ಲಿಲ್ಲ?"

ಆಗ ಇವರಿಗೆ ನಿಜಕ್ಕೂ ಸಿಟ್ಟು ಬಂತು. ಕೈಯಲ್ಲಿದ್ದ ಸೂಟನ್ನು ಬಕೆಟ್ಟಿಗೆ ಬಿಟ್ಟರು.

"ಏನಂತ ಕೇಳ್ಲಿ? ನಾನೇನು ಮಗೂನಾ, ಅಂಗಡಿಯಲ್ಲಿ ಚಾಕಲೇಟ್ ಇಲ್ಲ ಅಂತ ಸಮಾಧಾನ ಮಾಡಕ್ಕೆ? ಇಳಿಯಕ್ಕಾಗಲ್ಲ ಅಂತ ಗೊತ್ತಿದ್ದೂ ಅಷ್ಟು ದೂರ ಬಂದಿದ್ದು ಯಾಕೆ ಅಂದ್ಕೊಂಡೆ? ನೀನು ಮೇಲೆ ಬಂದು ಹೇಳ್ತೀಯಲ್ಲ, ಅದಕ್ಕೆ. ನನಗಿದ್ದಿದ್ದು ಅದೊಂದೇ. ಅದನ್ನೂ ಕೊಡ್ಲಿಲ್ಲ ನೀನು."

ಕ್ಷಮೆ ಕೇಳಿದೆ. ಅವರು ಮತ್ತೆ ಸೂಟನ್ನೆತ್ತಿ ಉಜ್ಜತೊಡಗಿದರು. ಕೆಳಗೆ ರಸ್ತೆಯಲ್ಲಿ ಕಾರಿನ ಹಾರ್ನು, ಪಕ್ಕದ ಮನೆಯಲ್ಲಿ ಮೀನು ಹುರಿಯುವ ವಾಸನೆ. ಆಮೇಲೆ ಮುಖ ಆಚೆ ಇಟ್ಟುಕೊಂಡೇ ಕೇಳಿದರು:

"ಕಾಲು ಕಾಣಿಸ್ತಾ?"

"ಕಾಣಿಸ್ತು."

"ಎಷ್ಟು ಜನ?"

ಹೇಳತೊಡಗಿದೆ. ಗೋಡೆಯ ಎತ್ತರ, ಬಾಗಿಲಿನ ಅಗಲ, ಮರಳು ಹೇಗೆ ಸರಿಯಿತು, ಯಾವ ಕಲ್ಲಿನ ಪಕ್ಕ ಯಾವ ಕಲ್ಲು. ಇವರು ನಡುನಡುವೆ ತಡೆದು, "ಇರು, ನೀನು ಬಲಕ್ಕೆ ತಿರುಗಿದ್ದಾ, ಎಡಕ್ಕಾ?" ಎಂದು ಕೇಳುವರು. ನನಗೆ ನೆನಪಿಲ್ಲದ್ದು ಬಹಳ ಇತ್ತು. ನೆನಪು ಹಸಿಯಾಗಿದ್ದಾಗಲೇ ಹೇಳಿದ್ದರೆ ಎಲ್ಲ ಇರುತ್ತಿತ್ತು. "ಗೊತ್ತಿಲ್ಲ, ಮರ್ತುಹೋಗಿದೆ" ಎನ್ನುವಾಗಲೆಲ್ಲ ಅವರು ಹೂಂ ಎಂದು ಮುಂದಿನದಕ್ಕೆ ಹೋಗುವರು. ಆ ಒಂದೊಂದು ಹೂಂ ನನಗೆ ಚುಚ್ಚಿತು.

ಕೊನೆಗೆ ಕೇಳಿದರು, "ಕೆಳಗಿದ್ದಾಗ ನನ್ನ ನೆನಪು ಬಂತಾ?"

ಈ ಪ್ರಶ್ನೆಗೇ ನಾನು ಹೆದರಿದ್ದೆ. ದೋಣಿಯಲ್ಲಿ ಸುಳ್ಳು ಹೊರಟದ್ದೂ ಬಹುಶಃ ಇದನ್ನು ಮುಚ್ಚಲಿಕ್ಕೇ. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ನನಗೆ ಇವರ ನೆನಪಾಗಿರಲಿಲ್ಲ. ಮೇಲೆ ದೋಣಿಯಿದೆ, ಅದರಲ್ಲಿ ಇವರಿದ್ದಾರೆ ಎಂಬುದೇ ಮರೆತುಹೋಗಿತ್ತು. ಇವರ ಆಸೆಯ ನಡುಮನೆಯಲ್ಲಿ ನಿಂತು ನಾನೊಬ್ಬಳೇ ಪೂರ್ತಿ ಸುಖವಾಗಿದ್ದೆ.

"ಇಲ್ಲ" ಎಂದೆ.

ಇವರು ಬಕೆಟ್ಟಿನ ನೀರು ಚೆಲ್ಲಿದರು. "ಬರಬಾರದು. ನನಗೂ ಬರ್ತಿರ್ಲಿಲ್ಲ."

ನನ್ನ ಸಮಾಧಾನಕ್ಕೆ ಹೇಳಿದರೋ ಏನೋ. ಸೂಟನ್ನು ಆ ಗೆಳೆಯರಿಗೇ ಕೊಟ್ಟರು. ಅದು ಒಣಗಿದ ಮೇಲೆ ಮಡಿಸಿ ಚೀಲಕ್ಕೆ ಹಾಕಿದವಳು ನಾನೇ. ನಾನು ಇನ್ನು ನೀರಿಗಿಳಿಯುವುದಿಲ್ಲ ಎಂದಾಗ, "ಅದೊಂದು ನಾಟಕ ಬೇಡ" ಎಂದರು. ಹಾಗಾಗಿ ಈಗಲೂ ಖಿರಾನಿಗೆ ಹೋಗುತ್ತೇನೆ, ಕಾರಿನಲ್ಲಿ ಕರೆದೊಯ್ಯುವವರು ಇವರೇ. ಇಳಿಯುವ ಮೊದಲು ಪ್ರತಿ ಸಲ ದಡದಲ್ಲಿ ಕೂತ ಇವರನ್ನು ತಿರುಗಿ ನೋಡುತ್ತೇನೆ. ಇಳಿದ ಮೇಲೆ ಅದೂ ಮರೆತುಹೋಗುತ್ತದೆ. ಮೇಲೆ ಬಂದು ಕಾರು ಹತ್ತಿದ ಕೂಡಲೇ ಕಂಡದ್ದೆಲ್ಲ ಹೇಳುತ್ತೇನೆ, ಕಾಣದ್ದನ್ನು ಕಾಣಲಿಲ್ಲವೆಂದೂ ಹೇಳುತ್ತೇನೆ.

ಕಳೆದ ಚಳಿಗಾಲದಲ್ಲಿ ಇಬ್ಬರೂ ಫೆರಿ ಹತ್ತಿ ಕುವೈತಿನದೇ ಫೈಲಕಾ ದ್ವೀಪಕ್ಕೆ ಹೋಗಿದ್ದೆವು. ಅಲ್ಲಿ ಗ್ರೀಕರ ಕಾಲದ ಕೋಟೆಯ ಅಡಿಪಾಯಗಳಿವೆ, ಒಣ ನೆಲದ ಮೇಲೆ, ಬಿಸಿಲಿನಲ್ಲಿ. ಸ್ವಲ್ಪ ದೂರ ಇವರ ಜೊತೆ ನಡೆದು, ಸಾಕಾಗಿ, ಬೇಲಿಯ ಪಕ್ಕದ ತುಸು ನೆರಳಿನಲ್ಲಿ ನೀರಿನ ಬಾಟಲಿ ಹಿಡಿದು ಕೂತೆ. ಇವರು ಕೈ ಹಿಂದೆ ಕಟ್ಟಿಕೊಂಡು ಗೋಡೆಯಿಂದ ಗೋಡೆಗೆ ಹೋಗುತ್ತಿದ್ದರು, ಬಗ್ಗುತ್ತಿದ್ದರು, ಒಬ್ಬರೇ ಏನೋ ಹೇಳಿಕೊಳ್ಳುತ್ತಿದ್ದರು. "ರೀ" ಎಂದು ಕೂಗಿದೆ, ಕೇಳಿಸಲಿಲ್ಲ. ಮತ್ತೊಮ್ಮೆ ಕೂಗಿದೆ. ತಿರುಗಲೂ ಇಲ್ಲ. ಮೂರನೆಯ ಸಲ ಕೂಗಲು ಬಾಯಿ ತೆರೆದವಳು ಸುಮ್ಮನಾದೆ. ಫೆರಿಯ ಹೊತ್ತಾಗುವವರೆಗೂ ಅಲ್ಲೇ ಕೂತು ಇವರನ್ನು ನೋಡುತ್ತಿದ್ದೆ.